ಬಿಟ್ಟಿ ಯಾರಿಗೆ? ಒಂದು ಬಿಕಾಂ ಲೆಕ್ಕ

1/9

ಮೊದಲೇ ಹೇಳಿಬಿಡ್ತೀನಿ, ಇದು ಉದ್ದ ಇದೆ. ಒಂದು ಕ್ಯಾಪ್ಷನ್‌ನಲ್ಲಿ ಹಿಡಿಯಲ್ಲ, ಅದಕ್ಕೇ ಒಂಬತ್ತು ಪೋಸ್ಟ್. ಫೋಟೋದಲ್ಲಿರೋದು ನಮ್ಮ ಅಜ್ಜಿ ಪಾಸ್‌ಬುಕ್. ನಂಬರ್ ಬ್ಲರ್ ಮಾಡಿದ್ದೀನಿ, ಝೂಮ್ ಮಾಡೋ ಕಷ್ಟ ತಗೋಬೇಡಿ.

ಕಳೆದ ವಾರ ನಮ್ಮ ಕ್ಲಾಸ್ ಗ್ರೂಪಿಗೆ ಒಂದೇ ರಾತ್ರಿ ಎರಡು ರೀಲ್ ಬಂತು. ಮೊದಲನೇದು ನಿಮಗೆಲ್ಲ ಗೊತ್ತಿರೋದೇ: ಬಸ್ ನಿಲ್ಲೋಕೆ ಮುಂಚೆನೇ ಹೆಂಗಸರು ನುಗ್ಗಿ ಸೀಟ್ ಹಿಡಿಯೋದು, ಹಿಂದೆ ಒಂದು ಕಾಮಿಡಿ ಮ್ಯೂಸಿಕ್ಕು, ಮೇಲೆ 'ನಮ್ಮ ಟ್ಯಾಕ್ಸ್ ದುಡ್ಡು' ಅಂತ ಬರಹ. ಎರಡನೇದು ಶಾಸಕರ ಸಂಬಳ ಡಬಲ್ ಆಗಿದ್ದರ ಬಗ್ಗೆ. ಎರಡಕ್ಕೂ ಗ್ರೂಪಿನ ತೀರ್ಪು ಒಂದೇ. ಅವರಿಗೂ ಬಿಟ್ಟಿ, ಇವರಿಗೂ ಬಿಟ್ಟಿ, ಮಧ್ಯದಲ್ಲಿ ನಾವು ಬಕ್ರಾ.

ಮೊದಲ ರೀಲ್‌ಗೆ ನಗೋ ಎಮೋಜಿ ಹಾಕಿದವರಲ್ಲಿ ನಾನೂ ಒಬ್ಬ. ಸ್ಕ್ರೀನ್‌ಶಾಟ್ ನಿಮ್ಮ ಹತ್ರ ಇರುತ್ತೆ, ಅದಕ್ಕೆ ಮೊದಲೇ ಒಪ್ಕೊಂಡುಬಿಡ್ತೀನಿ.

ಮಾರನೇ ದಿನ ಬೆಳಿಗ್ಗೆ ಅಜ್ಜಿನ ಕರ್ಕೊಂಡು ಒಂದು ಕಚೇರಿಗೆ ಹೋಗಬೇಕಿತ್ತು. ಅಲ್ಲಿ ಬೆಂಚ್ ಮೇಲೆ ಕೂತು ಮೂರು ಗಂಟೆ ಫೋನ್ ನೋಡ್ತಾ ಇದ್ದೆ. ಆ ಎರಡು ರೀಲ್ ಮತ್ತೆ ಮತ್ತೆ ಬರ್ತಾ ಇತ್ತು. ಈ ಪೋಸ್ಟ್ ಶುರುವಾಗಿದ್ದು ಅಲ್ಲಿ.

2/9

ಮೊದಲು ಬಸ್ಸಿನ ಸಿಟ್ಟು. ಇದು ಸುಳ್ಳು ಸಿಟ್ಟು ಅಂತ ನಾನು ಹೇಳಲ್ಲ.

ನಮ್ಮೂರಿಂದ ತುಮಕೂರಿಗೆ ಬೆಳಿಗ್ಗೆ ಕಾಲೇಜ್ ಟೈಮಿಗೆ ಸರಿಯಾಗಿ ಬರೋದು ಒಂದೇ ಸರ್ಕಾರಿ ಬಸ್ಸು. ನಾನು ದುಡ್ಡು ಕೊಟ್ಟು ಪಾಸ್ ಮಾಡಿಸಿದ್ದೀನಿ, ಪಕ್ಕದ ಮನೆ ಹುಡುಗಿಗೆ ಆಧಾರ್ ತೋರಿಸಿದರೆ ಸಾಕು, ಶೂನ್ಯ ಟಿಕೆಟ್. ವಾರದಲ್ಲಿ ನಾಲ್ಕು ದಿನ ನಿಂತ್ಕೊಂಡೇ ಹೋಗ್ತೀನಿ. ಪುಟ್‌ಬೋರ್ಡ್ ಮೇಲೆ ಒಂದು ಕಾಲು, ಬ್ಯಾಗ್ ಯಾರದೋ ಮಡಿಲಲ್ಲಿ. ಸಿಟ್ಟು ಬರಲ್ಲ ಅಂದ್ರೆ ಸುಳ್ಳಾಗುತ್ತೆ.

ಆದರೆ ಆ ಸಿಟ್ಟನ್ನ ಸ್ವಲ್ಪ ಬಿಡಿಸಿ ನೋಡಿ. ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ. 2025ರ ಜುಲೈ ಹೊತ್ತಿಗೆ 500 ಕೋಟಿ ಟಿಕೆಟ್ ಆಯ್ತು. ಅಷ್ಟು ಜನ ಹತ್ತುತ್ತಾರೆ ಅಂತ ಗೊತ್ತಿದ್ದ ಮೇಲೆ ನಮ್ಮ ರೂಟಿಗೆ ಇನ್ನೊಂದು ಬಸ್ ಯಾಕೆ ಬರಲಿಲ್ಲ? 2025ರ ಜನವರಿಯಲ್ಲಿ ಟಿಕೆಟ್ ದರ ಶೇ 15 ಏರಿಸಿದರು, ಅದು ಬಿದ್ದಿದ್ದು ಟಿಕೆಟ್ ತಗೊಳ್ಳೋ ಗಂಡಸರ ಮೇಲೆ. ಅದೇ ವರ್ಷ ಆಗಸ್ಟ್ 5ಕ್ಕೆ ಸಾರಿಗೆ ನೌಕರರು ಮುಷ್ಕರಕ್ಕೆ ಇಳಿದರು, ಬೇಡಿಕೆಗಳಲ್ಲಿ ದೊಡ್ಡದು 38 ತಿಂಗಳ ವೇತನ ಪರಿಷ್ಕರಣೆಯ ಹಿಂಬಾಕಿ. ಅಂದ್ರೆ ಯೋಜನೆ ಘೋಷಣೆ ಮಾಡಿದವರು ಚಪ್ಪಾಳೆ ತಗೊಂಡ್ರು, ಓಡಿಸೋ ಡ್ರೈವರ್ ಬಾಕಿ ಕೇಳ್ತಾ ಕೂತ, ನಾನು ಪುಟ್‌ಬೋರ್ಡಲ್ಲಿ ನೇತಾಡ್ತಾ ನನ್ನ ಮುಂದೆ ಸೀಟಲ್ಲಿ ಕೂತಿರೋ ಗಾರ್ಮೆಂಟ್ಸ್ ಅಕ್ಕನ ಮೇಲೆ ಸಿಟ್ಟು ಮಾಡ್ಕೊಂಡೆ. ಯಾಕಂದ್ರೆ ಕಣ್ಣಿಗೆ ಕಾಣ್ತಿದ್ದಿದ್ದು ಅವಳೊಬ್ಬಳೇ.

ಅವಳು ಇಳಿಯೋ ಸ್ಟಾಪಲ್ಲಿ ಬೆಳಿಗ್ಗೆ 8ಕ್ಕೆ ಇಳೀತಾಳೆ, ಸಂಜೆ ಏಳರ ಬಸ್ಸಲ್ಲಿ ವಾಪಸ್. ಇದನ್ನ ನಾನು ಎರಡು ವರ್ಷದಿಂದ ದಿನಾ ನೋಡ್ತಾ ಇದ್ದೀನಿ. ರೀಲ್ ನೋಡಿ ನಗುವಾಗ ಮಾತ್ರ ನೆನಪಾಗಲಿಲ್ಲ.

3/9

ಈಗ 'ನಮ್ಮ ಟ್ಯಾಕ್ಸ್ ದುಡ್ಡು'.

ಗುರು, ನಮ್ಮ ಕ್ಲಾಸಲ್ಲಿ ಇನ್‌ಕಮ್ ಟ್ಯಾಕ್ಸ್ ಕಟ್ಟೋರು ಯಾರು? ನಾವು ಇನ್‌ಕಮ್ ಟ್ಯಾಕ್ಸ್ ಓದ್ತೀವಿ ಅಷ್ಟೇ. 2025ರ ಕೇಂದ್ರ ಬಜೆಟ್ ಆದ ಮೇಲೆ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದವರೆಗೆ ಆದಾಯ ಇದ್ದರೂ ತೆರಿಗೆ ಇಲ್ಲ. ಸಂಬಳದವರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12.75 ಲಕ್ಷ. ನಮ್ಮ ಗ್ರೂಪಲ್ಲಿ ಎಷ್ಟು ಜನರ ಅಪ್ಪ ಅದಕ್ಕಿಂತ ಜಾಸ್ತಿ ದುಡೀತಾರೆ? ಕೈ ಎತ್ತಬೇಡಿ, ಮನಸ್ಸಲ್ಲೇ ಲೆಕ್ಕ ಹಾಕಿ.

ಆ ಬದಲಾವಣೆಯಿಂದ ಸರ್ಕಾರಕ್ಕೆ ಸುಮಾರು 1 ಲಕ್ಷ ಕೋಟಿ ನೇರ ತೆರಿಗೆ ಖೋತಾ ಅಂತ ಹಣಕಾಸು ಸಚಿವರೇ ಬಜೆಟ್ ಭಾಷಣದಲ್ಲಿ ಹೇಳಿದರು. ಅವತ್ತು ಯಾರೂ ಅದನ್ನ ಬಿಟ್ಟಿ ಭಾಗ್ಯ ಅನ್ನಲಿಲ್ಲ. 'ಮಿಡ್ಲ್ ಕ್ಲಾಸಿಗೆ ಬಂಪರ್' ಅಂತ ನಾವೇ ಸ್ಟೋರಿ ಹಾಕಿದ್ವಿ. ಸರ್ಕಾರ ಕೈಗೆ ಕೊಟ್ಟರೆ ಬಿಟ್ಟಿ, ಕೈಯಿಂದ ತಗೊಳ್ಳದೇ ಬಿಟ್ಟರೆ ಬಂಪರ್. ಅಕೌಂಟ್ಸ್ ಓದೋರಿಗೆ ಇದು ಬೇಗ ಅರ್ಥ ಆಗಬೇಕು, ಎರಡೂ ಖಜಾನೆ ಬುಕ್ಕಲ್ಲಿ ಒಂದೇ ಕಡೆ ಬೀಳುತ್ತೆ.

ಇನ್ನು ಆ ಬಸ್ಸಿನ ಅಕ್ಕ ತೆರಿಗೆ ಕಟ್ಟಲ್ವಾ? ಅವಳು 299ರ ರೀಚಾರ್ಜ್ ಮಾಡಿಸಿದರೆ ಅದರಲ್ಲಿ ಶೇ 18 ಜಿಎಸ್‌ಟಿ. 299ನ್ನ 1.18ರಿಂದ ಭಾಗಿಸಿ: 253 ರೂಪಾಯಿ 39 ಪೈಸೆ ರೀಚಾರ್ಜಿಗೆ, 45 ರೂಪಾಯಿ 61 ಪೈಸೆ ತೆರಿಗೆ. ಅವಳಿಗೂ ಅಷ್ಟೇ, ಅವಳ ಫ್ಯಾಕ್ಟರಿ ಓನರಿಗೂ ಅಷ್ಟೇ. ಸೋಪು, ಪೇಸ್ಟು, ಬಿಸ್ಕತ್ತಿನ ಮೇಲಿನ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿದಿದ್ದು 2025ರ ಸೆಪ್ಟೆಂಬರ್ 22ಕ್ಕೆ. ಅದಕ್ಕೂ ಮುಂಚೆ ಎಂಟು ವರ್ಷ ಅವಳು ಮೈ ತೊಳ್ಕೊಳ್ಳೋಕೂ ತೆರಿಗೆ ಕಟ್ಟಿದ್ದಾಳೆ. ರಶೀದಿ ಮಾತ್ರ ಯಾರೂ ಕೊಟ್ಟಿಲ್ಲ.

4/9

'ದುಡ್ಡು ಬರ್ತಿರೋದಕ್ಕೆ ಯಾರೂ ಕೆಲಸಕ್ಕೆ ಬರ್ತಿಲ್ಲ.'

ಇದನ್ನ ಹೇಳೋರು ಜಾಸ್ತಿ ತೋಟ ಇರೋರು, ಕೆಲಸಕ್ಕೆ ಜನ ಹುಡುಕೋರು. ಅವರ ಕಷ್ಟ ನನಗೂ ಗೊತ್ತು, ನಮ್ಮ ದೊಡ್ಡಪ್ಪನೂ ಇದನ್ನೇ ಹೇಳ್ತಾರೆ. ಆದರೆ ಗೃಹಲಕ್ಷ್ಮಿ ತಿಂಗಳಿಗೆ 2000. ನರೇಗಾ ಕೂಲಿ 2025-26ಕ್ಕೆ ದಿನಕ್ಕೆ 370. ಅಂದ್ರೆ ಐದೂವರೆ ದಿನದ ಕೂಲಿ. ಐದೂವರೆ ದಿನದ ಕೂಲಿಗೆ ತಿಂಗಳೆಲ್ಲ ಕಾಲು ಚಾಚಿ ಕೂರೋ ಮನೆ ನಮ್ಮೂರಲ್ಲಿ ಒಂದೂ ನಾನು ನೋಡಿಲ್ಲ. ದೊಡ್ಡಪ್ಪ ಕೊಡೋ ಕೂಲಿ ಬೇಡ ಅನ್ನೋ ಧೈರ್ಯ ಒಂದಿಬ್ಬರಿಗೆ ಬಂದಿರಬಹುದು. ಅದು ಬೇರೆ ವಿಷಯ, ಮತ್ತು ನನಗೆ ಅದರ ಬಗ್ಗೆ ಬೇಜಾರಿಲ್ಲ. (ದೊಡ್ಡಪ್ಪ ಇನ್‌ಸ್ಟಾದಲ್ಲಿ ಇಲ್ಲ, ಪುಣ್ಯ.)

ನನ್ನ ಮೂರನೇ ಸೆಮ್ ಪರೀಕ್ಷೆ ಫೀಸು ಅಮ್ಮನ ಆ ದುಡ್ಡಲ್ಲಿ ಹೋಗಿದ್ದು. 2025ರ ಶುರುವಲ್ಲಿ ಕಂತು ತಿಂಗಳುಗಟ್ಟಲೆ ತಡ ಆದಾಗ ಅಮ್ಮ ಚೀಟಿ ದುಡ್ಡಲ್ಲಿ ಹೊಂದಿಸಿದಳು. ಆಗ ನನಗೆ ಹೇಳಿರಲಿಲ್ಲ, ಮೊನ್ನೆ ಕೇಳಿದಾಗ ಹೇಳಿದಳು.

5/9

ಈಗ ಎರಡನೇ ರೀಲ್. ಶಾಸಕರು.

2025ರ ಮಾರ್ಚ್ 21. ವಿಧಾನಸಭೆಯಲ್ಲಿ ಹನಿಟ್ರ್ಯಾಪ್ ಗಲಾಟೆ, ಗುತ್ತಿಗೆ ಮೀಸಲಾತಿ ಗಲಾಟೆ, ಸ್ಪೀಕರ್ ಪೀಠದ ಕಡೆ ಕಾಗದ ಹರಿದು ಎಸೆದರು, ಬಿಜೆಪಿಯ 18 ಶಾಸಕರು ಆರು ತಿಂಗಳು ಅಮಾನತು. ಅದೇ ದಿನ, ಅದೇ ಗದ್ದಲದಲ್ಲಿ, ಸಂಬಳದ ಮಸೂದೆಗಳು ಚರ್ಚೆ ಇಲ್ಲದೆ ಪಾಸ್. ಶಾಸಕರ ಮೂಲ ಸಂಬಳ 40 ಸಾವಿರದಿಂದ 80 ಸಾವಿರ. ಮಂತ್ರಿಗಳದ್ದು 60 ಸಾವಿರದಿಂದ 1.25 ಲಕ್ಷ. ಮುಖ್ಯಮಂತ್ರಿಗಳದ್ದು 75 ಸಾವಿರದಿಂದ 1.5 ಲಕ್ಷ. ಮಾಜಿ ಶಾಸಕರ ಪಿಂಚಣಿ 50 ಸಾವಿರದಿಂದ 75 ಸಾವಿರ. ಭತ್ಯೆಗಳು ಬೇರೆ.

'ಕಾಂಗ್ರೆಸ್ ಹೀಗೇನೇ' ಅಂತ ಟೈಪ್ ಮಾಡೋಕೆ ಹೊರಟಿದ್ದೀರಾ? ಸ್ವಲ್ಪ ತಡೀರಿ. 2022ರ ಫೆಬ್ರವರಿಯಲ್ಲಿ ಬೊಮ್ಮಾಯಿಯವರ ಸರ್ಕಾರ ಇತ್ತು. ಆಗ ಕಾಂಗ್ರೆಸ್ಸಿನವರು ಈಶ್ವರಪ್ಪನವರ ಧ್ವಜದ ಹೇಳಿಕೆ ವಿರುದ್ಧ ಸದನದೊಳಗೇ ಮಲಗಿ ಧರಣಿ ಮಾಡ್ತಿದ್ದರು. ಆ ಗದ್ದಲದಲ್ಲೂ ಶಾಸಕರ ಸಂಬಳ 25 ಸಾವಿರದಿಂದ 40 ಸಾವಿರಕ್ಕೆ ಏರಿತು, ಚರ್ಚೆ ಇಲ್ಲದೆ. ಕೂರೋ ಜಾಗ ಅದಲು ಬದಲಾಗಿತ್ತು ಅಷ್ಟೇ. ಯಾವುದಕ್ಕೂ ಒಂದಾಗದ ಸದನ ಇದೊಂದಕ್ಕೆ ಎಷ್ಟು ಚೆನ್ನಾಗಿ ಒಂದಾಗುತ್ತೆ ನೋಡಿ.

ಇದು ಕಾನೂನುಬಾಹಿರ ಅಲ್ಲ. ಸಂವಿಧಾನದ 195ನೇ ವಿಧಿ ಪ್ರಕಾರ ಶಾಸಕರ ಸಂಬಳ ಎಷ್ಟು ಅಂತ ಕಾನೂನು ಮಾಡೋದು ಶಾಸಕಾಂಗವೇ. ನಾಳೆ ನಮ್ಮ ಇಂಟರ್ನಲ್ಸ್ ಮಾರ್ಕ್ಸ್ ನಾವೇ ಹಾಕ್ಕೊಳ್ಳಿ ಅಂದ್ರೆ ಎಷ್ಟು ಹಾಕ್ಕೊಳ್ತೀವಿ? ಇಂಗ್ಲೆಂಡಿನಲ್ಲಿ ಈ ಕೆಲಸವನ್ನ ಸಂಸದರ ಕೈಯಿಂದ ತೆಗೆದು ಒಂದು ಸ್ವತಂತ್ರ ಸಂಸ್ಥೆಗೆ ಕೊಟ್ಟಿದ್ದಾರೆ. ನಮ್ಮಲ್ಲಿ ಹಾಗಿಲ್ಲ.

ಈಗ ಹೋಲಿಸಿ. ಅದೇ 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಲ್ಲಿ ಚಳಿಯಲ್ಲಿ ಕೂತಿದ್ದರು. ಕೇಳಿದ್ದು ತಿಂಗಳಿಗೆ 15 ಸಾವಿರ. ಸಿಕ್ಕಿದ್ದು ಕನಿಷ್ಠ 10 ಸಾವಿರದ ಭರವಸೆ. ಆ ರಾತ್ರಿಗಳು ಮುಗಿದು ಎರಡೂವರೆ ತಿಂಗಳಿಗೆ ಶಾಸಕರದ್ದು ಡಬಲ್, ಯಾರೂ ಫುಟ್‌ಪಾತಲ್ಲಿ ಕೂರಲಿಲ್ಲ.

6/9

ಇಷ್ಟು ಓದಿ 'ಹೌದು, ಅವರ ಸಂಬಳ ಕಟ್ ಮಾಡಿ ಬಡವರಿಗೆ ಕೊಡಿ' ಅನ್ನಿಸ್ತಿದ್ದರೆ, ಇಲ್ಲಿ ನಿಮಗೆ ನಿರಾಸೆ ಮಾಡ್ತೀನಿ. ಲೆಕ್ಕ ಕೂಡಲ್ಲ.

ಸಂಬಳ ಏರಿಕೆಯಿಂದ ವರ್ಷಕ್ಕೆ ಬೀಳೋ ಹೆಚ್ಚಿನ ಹೊರೆ ಸುಮಾರು 62 ಕೋಟಿ ಅಂತ ಆಗ ವರದಿಯಾಯ್ತು. ಗೃಹಲಕ್ಷ್ಮಿಗೆ ಸುಮಾರು 1.2 ಕೋಟಿ ಹೆಂಗಸರು, ತಲಾ 2000, ಅಂದ್ರೆ ತಿಂಗಳಿಗೆ 2400 ಕೋಟಿ, ದಿನಕ್ಕೆ 80 ಕೋಟಿ. ಶಾಸಕರ ಇಡೀ ವರ್ಷದ ಏರಿಕೆ ವಾಪಸ್ ತಗೊಂಡರೂ ಗೃಹಲಕ್ಷ್ಮಿ ಹದಿನೆಂಟು ಗಂಟೆ ನಡೆಯುತ್ತೆ. ಐದೂ ಗ್ಯಾರಂಟಿಗೆ 2025-26ರ ಬಜೆಟ್ಟಲ್ಲಿ ಇಟ್ಟಿದ್ದು 51,034 ಕೋಟಿ. ಒಟ್ಟು ಬಜೆಟ್ 4,09,549 ಕೋಟಿ. ಎಂಟರಲ್ಲಿ ಒಂದು ಪಾಲು. ಇದು ಸಣ್ಣ ದುಡ್ಡಲ್ಲ, ಇದಕ್ಕೆ ಎಲ್ಲಿಂದ ತರ್ತೀರಿ, ರಸ್ತೆಗೆ, ಬಸ್ಸಿಗೆ, ನಮ್ಮ ಸ್ಕಾಲರ್‌ಶಿಪ್ಪಿಗೆ ಏನು ಉಳೀತು ಅಂತ ಕೇಳೋದು ಸರಿಯಾದ ಪ್ರಶ್ನೆ. ಗ್ಯಾರಂಟಿ ಪರ ಇರೋರು ಈ ಪ್ರಶ್ನೆ ಬಂದಾಗಲೆಲ್ಲ 'ಶಾಸಕರ ಸಂಬಳ ನೋಡಿ' ಅಂತ ಜಾರ್ಕೊಳ್ತಾರೆ. ಅದು ಉತ್ತರ ಅಲ್ಲ.

ಶಾಸಕರ ಆಸ್ತಿ ಮಾತೂ ಅಷ್ಟೇ. 2023ರಲ್ಲಿ ಗೆದ್ದವರ ಅಫಿಡವಿಟ್ ಕೂಡಿಸಿ ಎಡಿಆರ್ ಸಂಸ್ಥೆ ಹೇಳಿದ ಸರಾಸರಿ 60 ಕೋಟಿಗೂ ಮೇಲೆ. ಆದರೆ ಸ್ಟ್ಯಾಟ್ಸ್ ಕ್ಲಾಸ್ ನೆನಪಿದೆಯಾ, ಮೀನ್ ಯಾವಾಗ ಮೋಸ ಮಾಡುತ್ತೆ? ಡಿ.ಕೆ. ಶಿವಕುಮಾರ್ ಅವರದ್ದೇ 1,413 ಕೋಟಿ. ಅವರ ಜೊತೆ ಇನ್ನಿಬ್ಬರನ್ನ ಸೇರಿಸಿದರೆ 224 ಜನರ ಒಟ್ಟು ಆಸ್ತಿಯ ಕಾಲು ಭಾಗಕ್ಕಿಂತ ಜಾಸ್ತಿ ಆ ಮೂವರಲ್ಲೇ ಮುಗೀತು. ಎಲ್ಲರೂ ಕುಬೇರರಲ್ಲ.

ಮತ್ತೆ ಇನ್ನೊಂದು. ಜನಪ್ರತಿನಿಧಿಗೆ ಸಂಬಳ ಕೊಡಬೇಕು ಅಂತ ಮೊದಲು ಗಲಾಟೆ ಮಾಡಿದ್ದು ಶ್ರೀಮಂತರಲ್ಲ. 1838ರಲ್ಲಿ ಇಂಗ್ಲೆಂಡಿನ ಕಾರ್ಮಿಕರು, ಚಾರ್ಟಿಸ್ಟರು ಅಂತಾರೆ, ಆರು ಬೇಡಿಕೆ ಇಟ್ಟರು, ಅದರಲ್ಲಿ ಇದೂ ಒಂದು. ಸಂಬಳ ಇಲ್ಲದಿದ್ದರೆ ಜಮೀನ್ದಾರ ಮಾತ್ರ ಸಂಸತ್ತಿಗೆ ಹೋಗ್ತಾನೆ, ಕೂಲಿಯವನು ಹೋದರೆ ಮನೆ ಉಪವಾಸ ಬೀಳುತ್ತೆ ಅನ್ನೋದು ಅವರ ವಾದ. ಅದು ಸಿಕ್ಕಿದ್ದು 1911ರಲ್ಲಿ. ಹಾಗಾಗಿ 'ಸಂಬಳನೇ ಬೇಡ, ಸೇವೆ ಮಾಡಲಿ' ಅನ್ನೋ ಕಾಮೆಂಟ್ ಕೇಳೋಕೆ ಚೆನ್ನಾಗಿದೆ, ಆದರೆ ಹಾಗೆ ಮಾಡಿದರೆ ನಮ್ಮಂಥವರ ಮನೆಯಿಂದ ಯಾರೂ ವಿಧಾನಸೌಧ ಹತ್ತಲ್ಲ. ನನಗೆ 80 ಸಾವಿರದ ಮೇಲೆ ಹೊಟ್ಟೆಕಿಚ್ಚಿಲ್ಲ. ನನ್ನ ತಕರಾರು ಇರೋದು ಮುಂದಿನ ಎರಡು ಪೋಸ್ಟಲ್ಲಿ.

7/9

ಅಟೆಂಡೆನ್ಸ್.

ನಮಗೆ ಶೇ 75 ಇಲ್ಲದಿದ್ದರೆ ಹಾಲ್ ಟಿಕೆಟ್ ಇಲ್ಲ. ಶಾರ್ಟೇಜ್ ಲಿಸ್ಟ್ ನೋಟಿಸ್ ಬೋರ್ಡಲ್ಲಿ ಹಾಕ್ತಾರೆ, ಮೆಡಿಕಲ್ ಸರ್ಟಿಫಿಕೇಟ್ ಹಿಡ್ಕೊಂಡು ಎಚ್‌ಒಡಿ ರೂಮ್ ಮುಂದೆ ನಿಲ್ಲಬೇಕು. ಗೊತ್ತಲ್ಲ.

ಕರ್ನಾಟಕದಲ್ಲಿ 2005ರ ಒಂದು ಕಾಯ್ದೆ ಇದೆ. ವಿಧಾನಮಂಡಲ ವರ್ಷಕ್ಕೆ ಕನಿಷ್ಠ 60 ದಿನ ಸೇರಬೇಕು ಅಂತ ತಾವೇ ಮಾಡ್ಕೊಂಡ ಕಾಯ್ದೆ. ಪಿಆರ್‌ಎಸ್ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ನಮ್ಮ ವಿಧಾನಸಭೆ ಸೇರಿದ್ದು 40 ದಿನ. ಅರವತ್ತಕ್ಕೆ ನಲವತ್ತು, ಶೇ 66.7, ಶಾರ್ಟೇಜ್. 2022ರಲ್ಲಿ 45 ದಿನ. ಶೇ 75 ಕರೆಕ್ಟಾಗಿ, ಹಾಲ್ ಟಿಕೆಟ್ ಕೊಡಬಹುದು. ನಗಬೇಡಿ, ಆ ವರ್ಷ 45 ದಿನಕ್ಕೇ ಇಡೀ ದೇಶದ ವಿಧಾನಸಭೆಗಳಲ್ಲಿ ನಾವೇ ಫಸ್ಟ್. ಉಳಿದವುಗಳನ್ನೂ ಸೇರಿಸಿದ ಸರಾಸರಿ 21 ದಿನ. ಕ್ಲಾಸಲ್ಲಿ ಎಲ್ಲರೂ ಫೇಲ್ ಆದಾಗ ಟಾಪರ್ ಆಗೋ ಖುಷಿ.

ಇದು ಸದನ ಸೇರಿದ ದಿನಗಳ ಲೆಕ್ಕ, ಒಬ್ಬೊಬ್ಬರು ಬಂದ ಲೆಕ್ಕ ಅಲ್ಲ. ಬರಲಿ ಅಂತ ಸ್ಪೀಕರ್ ಯು.ಟಿ. ಖಾದರ್ ಅವರು ಬೆಳಿಗ್ಗೆ ತಿಂಡಿ ವ್ಯವಸ್ಥೆ ಮಾಡಿಸಿದರು. 2025ರ ಬಜೆಟ್ ಅಧಿವೇಶನಕ್ಕೆ ಮಧ್ಯಾಹ್ನ ಊಟ ಆದ ಮೇಲೆ ಮನೆ ಕಡೆ ಹೋಗದಿರಲಿ ಅಂತ ರಿಕ್ಲೈನರ್ ಕುರ್ಚಿ. ಉದ್ದೇಶ ಒಳ್ಳೇದೇ ಇರಬಹುದು, ನಾನು ಅವರನ್ನ ಬೈಯಲ್ಲ. ಆದರೆ ತಡವಾಗಿ ಬಂದರೆ ಗೇಟ್ ಹಾಕೋ ಕಾಲೇಜಲ್ಲಿ ಓದೋರಿಗೆ ಇದನ್ನ ಓದುವಾಗ ಏನೋ ಆಗುತ್ತೆ.

ಸಂವಿಧಾನದ 190ನೇ ವಿಧಿಯಲ್ಲಿ, ಅನುಮತಿ ಇಲ್ಲದೆ ಸತತ 60 ದಿನ ಎಲ್ಲ ಸಭೆಗೂ ಗೈರಾದರೆ ಸದನ ಬೇಕಾದರೆ ಆ ಸ್ಥಾನ ಖಾಲಿ ಅಂತ ಘೋಷಿಸಬಹುದು ಅಂತಿದೆ. ಅಧಿವೇಶನ ಮುಗಿದು ಮುಂದಿನದು ಶುರುವಾಗೋವರೆಗಿನ ದಿನಗಳು ಲೆಕ್ಕಕ್ಕಿಲ್ಲ. ವರ್ಷಕ್ಕೆ 45 ದಿನ ಸೇರೋ ಸದನದಲ್ಲಿ ಆ 60 ತುಂಬಿಸೋಕೆ ಹತ್ರ ಹತ್ರ ವರ್ಷವಿಡೀ ಚಕ್ಕರ್ ಹಾಕಬೇಕು.

ಶಾಸಕರ ಕೆಲಸ ಸದನ ಒಂದೇ ಅಲ್ಲ, ಅದೂ ಸರಿ. ನಮ್ಮ ಕ್ಷೇತ್ರದ ಶಾಸಕರ ಮನೆ ಮುಂದೆ ಬೆಳಿಗ್ಗೆ ಆರಕ್ಕೇ ಜನ. ಆಸ್ಪತ್ರೆ ಬಿಲ್ಲು, ವರ್ಗಾವಣೆ, ಮಗಳ ಮದುವೆ ಪತ್ರಿಕೆ, ಬೋರ್‌ವೆಲ್. ರಾತ್ರಿ ಹನ್ನೊಂದಕ್ಕೂ ಯಾರದೋ ತಿಥಿ ಮುಗಿಸಿ ಬರ್ತಾರೆ. ಅದು ಕೆಲಸ ಅಲ್ಲ ಅಂತ ಯಾರೂ ಹೇಳಬಾರದು. ಆದರೆ ಯೋಚನೆ ಮಾಡಿ: ಆ ಸಾಲಲ್ಲಿ ಅರ್ಧ ಜನ ಯಾಕೆ ನಿಂತಿದ್ದಾರೆ? ಕಚೇರಿಯಲ್ಲಿ ತಾನಾಗೇ ಆಗಬೇಕಿದ್ದ ಕೆಲಸ ಆಗಿಲ್ಲ ಅಂತ. ಅಲ್ಲಿ ಆಗದೇ ಇರೋದನ್ನ ಸರಿ ಮಾಡೋ ಜಾಗ ವಿಧಾನಸಭೆ. ಅದು ನಲವತ್ತೈದು ದಿನ.

8/9

ಈಗ ಪಾಸ್‌ಬುಕ್ ಫೋಟೋಗೆ ಬರ್ತೀನಿ.

ಅಜ್ಜಿಗೆ ಸಂಧ್ಯಾ ಸುರಕ್ಷಾ, ತಿಂಗಳಿಗೆ 1200. ಐದು ತಿಂಗಳಿಂದ ಬಂದಿಲ್ಲ. ಕಾರಣ: ಆಧಾರಲ್ಲಿ ಹೆಸರಿನ ಕೊನೆಗೆ 'ಅಮ್ಮ' ಇದೆ, ಪಾಸ್‌ಬುಕ್ಕಲ್ಲಿ ಇಲ್ಲ. ಮೊದಲ ಸಲ ಹೋದಾಗ ಆಪರೇಟರ್ ರಜೆ. ಎರಡನೇ ಸಲ ಸರ್ವರ್ ಡೌನ್. ಮೂರನೇ ಸಲ, ಅದೇ ರೀಲ್ ಬಂದ ಮಾರನೇ ದಿನ, ಬೆರಳಚ್ಚು ಹತ್ತಲಿಲ್ಲ. ನಲವತ್ತು ವರ್ಷ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸಿದ ಕೈ, ರೇಖೆಯೇ ಸವೆದು ಹೋಗಿದೆ. ಆಪರೇಟರ್ ಹುಡುಗ ಒಳ್ಳೆಯವನೇ, ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಹತ್ತೂ ಬೆರಳು ಇಡಿಸಿದ. ಮೆಷಿನ್ ಪ್ರತಿ ಸಲ ಕೆಂಪು ತೋರಿಸಿತು. ಅಜ್ಜಿ ಕೈ ಹಿಂದಕ್ಕೆ ತಗೊಂಡು ಸೆರಗಲ್ಲಿ ಮುಚ್ಕೊಂಡಳು, ಏನೋ ತಪ್ಪು ಮಾಡಿದವಳ ಥರ. ನಾನು ಜೇಬಲ್ಲಿ ಫೋನ್ ಇಟ್ಟೆ.

1200 ಆಗಿದ್ದು 2021ರಲ್ಲಿ. ಇವತ್ತಿಗೂ 1200.

ನಾಲ್ಕನೇ ಸೆಮ್‌ನಲ್ಲಿ ಕ್ಯಾಪಿಟಲ್ ಗೇನ್ಸ್ ಮಾಡುವಾಗ ಕಾಸ್ಟ್ ಇನ್‌ಫ್ಲೇಶನ್ ಇಂಡೆಕ್ಸ್ ಟೇಬಲ್ ಬಾಯಿಪಾಠ ಹೊಡೆದಿದ್ದು ನೆನಪಿದೆಯಾ? ಬೆಲೆ ಏರಿಕೆಗೆ ತಕ್ಕ ಹಾಗೆ ಹಳೇ ಮೊತ್ತವನ್ನ ಇವತ್ತಿನ ಮೊತ್ತಕ್ಕೆ ತರೋ ಟೇಬಲ್. 'ಇದು ಜೀವನದಲ್ಲಿ ಎಲ್ಲಿ ಉಪಯೋಗ' ಅಂತ ಕೊನೇ ಬೆಂಚಲ್ಲಿ ಕೇಳಿದ್ವಲ್ಲ, ಉಪಯೋಗ ಇಲ್ಲಿದೆ. 2018ರಲ್ಲಿ ಸಂಸದರ ಸಂಬಳ 1 ಲಕ್ಷ ಮಾಡಿದಾಗ ಜೊತೆಗೇ ಒಂದು ನಿಯಮ ಸೇರಿಸಿದರು: ಐದು ವರ್ಷಕ್ಕೊಮ್ಮೆ ಇದೇ ಇಂಡೆಕ್ಸ್ ಪ್ರಕಾರ ಸಂಬಳ ತಾನಾಗೇ ಏರಬೇಕು. 2018-19ರ ಇಂಡೆಕ್ಸ್ 280, 2023-24ರದ್ದು 348. 1,00,000 ಗುಣಿಸು 348 ಭಾಗಿಸು 280. 1,24,286. ಸರ್ಕಾರ 2025ರ ಮಾರ್ಚಲ್ಲಿ ಆದೇಶ ಹೊರಡಿಸಿದ ಹೊಸ ಸಂಬಳ 1.24 ಲಕ್ಷ, 2023ರ ಏಪ್ರಿಲ್‌ನಿಂದಲೇ ಪೂರ್ವಾನ್ವಯ. ಲೆಕ್ಕ ಕರೆಕ್ಟು, ಫುಲ್ ಮಾರ್ಕ್ಸ್.

ಪ್ರಾಮಾಣಿಕವಾಗಿ ಹೇಳ್ತೀನಿ, ಇದು ಒಳ್ಳೇ ನಿಯಮ. ಗದ್ದಲದಲ್ಲಿ ಡಬಲ್ ಮಾಡ್ಕೊಳ್ಳೋದಕ್ಕಿಂತ ಎಷ್ಟೋ ಮೇಲು. ಬೆಲೆ ಏರಿದರೆ ಎಲ್ಲರ ಖರ್ಚೂ ಏರುತ್ತೆ, ಸಂಸದರದ್ದೂ.

ಅಜ್ಜಿದು?

ಅದೇ ಟೇಬಲ್ ತಗೊಳ್ಳಿ. ಕೇಂದ್ರ ಸರ್ಕಾರ ಬಡ ವೃದ್ಧರ ಪಿಂಚಣಿಗೆ, 60ರಿಂದ 79 ವಯಸ್ಸಿನವರಿಗೆ, ತನ್ನ ಪಾಲು ಅಂತ ಕೊಡೋದು ತಿಂಗಳಿಗೆ 200 ರೂಪಾಯಿ. 2007ರಲ್ಲೂ 200, ಈಗಲೂ 200. 2007-08ರ ಇಂಡೆಕ್ಸ್ 129, 2025-26ರದ್ದು 376. 200 ಗುಣಿಸು 376 ಭಾಗಿಸು 129. 583 ರೂಪಾಯಿ. ಸಂಸದರಿಗೆ ಹಾಕಿದ ಸೂತ್ರವನ್ನೇ ಹಾಕಿದ್ದರೆ ಇಷ್ಟೊತ್ತಿಗೆ 583 ಆಗಬೇಕಿತ್ತು. ಅಜ್ಜಿಯ 1200ಕ್ಕೆ ಹಾಕಿ: 2021-22ರ ಇಂಡೆಕ್ಸ್ 317, ಬರೋದು 1423. ಅಮ್ಮನ 2000ಕ್ಕೆ ಹಾಕಿ: 2161.

583, 1423, 2161. ಬಂಗಲೆ ಕಟ್ಟೋ ದುಡ್ಡಲ್ಲ. ಒಂದು ಕೆಜಿ ಬೇಳೆ, ಒಂದು ಬಿಪಿ ಮಾತ್ರೆ ಸ್ಟ್ರಿಪ್. ಆದರೆ ಇದನ್ನ ಬರೆಯೋಕೆ ಒಂದು ಸಾಲು ಸಾಕಿತ್ತು, ಸಂಸದರಿಗೆ ಬರೆದ ಹಾಗೇ. ಸೂತ್ರ ಅವರಿಗೆ ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ.

ಹಾಗಾಗಿ ನನ್ನ ತಕರಾರು 'ಅವರಿಗೆ ಜಾಸ್ತಿ' ಅನ್ನೋದಲ್ಲ. ಬೆಲೆ ಏರಿಕೆ ಅವರಿಗೆ ತಾನಾಗೇ ಕಾಣುತ್ತೆ, ನಮ್ಮಜ್ಜಿದು ಕಾಣೋಕೆ ಚುನಾವಣೆ ಬರಬೇಕು. ಅವರ ಸಂಬಳ ನಿಲ್ಲಿಸೋಕೆ ಯಾವ ಮೆಷಿನ್ನೂ ಇಲ್ಲ, ಅಜ್ಜಿದು ನಿಲ್ಲಿಸೋಕೆ ಎರಡಕ್ಷರ ಸಾಕು. ಅವರು ವರ್ಷಕ್ಕೆ ಎಷ್ಟು ದಿನ ಕೂತರು ಅಂತ ಕೇಳೋ ಕಾಯ್ದೆಗೆ ಹಲ್ಲಿಲ್ಲ, ಅಜ್ಜಿ ಬದುಕಿದ್ದಾಳಾ ಅಂತ ಕೇಳೋ ಮೆಷಿನ್‌ಗೆ ದಯೆ ಇಲ್ಲ.

9/9

ಮುಗಿಸ್ತೀನಿ.

ಕಾಕಾ ಪಾಟೀಲ್, ಮಹದೇವಪ್ಪ ರೀಲ್ಸ್ ನಾವೆಲ್ಲ ಮಾಡಿದ್ವಿ, ಕಾಲೇಜ್ ಡೇಲಿ ಸ್ಕಿಟ್ ಕೂಡ ಆಯ್ತು. ಅದು ತಮಾಷೆ, ಇರಲಿ. ಆದರೆ ಇನ್ನು ಮುಂದೆ ಗ್ರೂಪಲ್ಲಿ ಬಸ್ ರೀಲ್ ಬಂದರೆ ನಾನು ಕೇಳೋದು ಒಂದೇ: ನಮ್ಮ ರೂಟಿಗೆ ಎರಡನೇ ಬಸ್ ಯಾಕಿಲ್ಲ? ಶಾಸಕರ ರೀಲ್ ಬಂದರೆ: ಅರವತ್ತು ದಿನ ಯಾಕೆ ಆಗಲಿಲ್ಲ, ಮತ್ತು ಇಂಡೆಕ್ಸ್ ಎಲ್ಲರಿಗೂ ಯಾಕಿಲ್ಲ? ನಾವು ಮೊದಲ ಸಲ ವೋಟ್ ಹಾಕೋ ವಿಧಾನಸಭೆ ಚುನಾವಣೆ 2028ರದ್ದು. ಮನೆ ಬಾಗಿಲಿಗೆ ಬಂದವರನ್ನ 'ನಮಗೇನು ಫ್ರೀ ಕೊಡ್ತೀರಿ' ಅಂತ ಕೇಳೋ ಬದಲು ಇದನ್ನ ಕೇಳೋಣ ಅಂತ ನನ್ನ ಆಸೆ. ಅವರು ಏನು ಹೇಳ್ತಾರೋ ನೋಡಬೇಕು, ರೆಕಾರ್ಡ್ ಮಾಡ್ಕೊಳ್ಳೋಣ.

ಕಾಮೆಂಟಲ್ಲಿ ಬೈಯೋರು ಬೈಯಿರಿ, ಆದರೆ ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ಅದನ್ನ ತೋರಿಸಿ ಬೈಯಿರಿ. ತಿದ್ದಿ ಮತ್ತೆ ಪೋಸ್ಟ್ ಮಾಡ್ತೀನಿ. 'ನೀನು ಯಾವ ಪಾರ್ಟಿ' ಅನ್ನೋ ಪ್ರಶ್ನೆಗೆ ಉತ್ತರ ಐದನೇ ಪೋಸ್ಟಲ್ಲಿದೆ, ಎರಡು ಇಸವಿ ಓದಿ.

ಸೋಮವಾರ ನಾಲ್ಕನೇ ಸಲ ಹೋಗ್ತಿದ್ದೀವಿ. ಬೆರಳು ಹತ್ತದಿದ್ದರೆ ಕಣ್ಣಿನ ಸ್ಕ್ಯಾನ್ ಮಾಡೋ ಮೆಷಿನ್ ತಾಲ್ಲೂಕಲ್ಲಿ ಇದೆಯಂತೆ, ಆಪರೇಟರ್ ಹುಡುಗ ಚೀಟಿಯಲ್ಲಿ ಬರೆದುಕೊಟ್ಟಿದ್ದಾನೆ. ಎರಡು ಪೀರಿಯಡ್ ಹೋಗುತ್ತೆ. ಕಾಸ್ಟಿಂಗ್ ನೋಟ್ಸ್ ಯಾರಾದ್ರೂ ಕಳಿಸಿ. ಅಜ್ಜಿ ಮಾತ್ರ ಖುಷಿಯಾಗಿದ್ದಾಳೆ, ಬಸ್ ಚಾರ್ಜ್ ಇಲ್ಲ ಅಂತ.

ನಿಮ್ಮ ಮನೆಯಲ್ಲಿ ಯಾರದ್ದಾದ್ರೂ ಪಿಂಚಣಿ ಹೀಗೆ ನಿಂತಿದ್ದರೆ ಡಿಎಂ ಮಾಡಿ. ಯಾವ ಕಾಗದ, ಯಾವ ಕೌಂಟರ್, ಯಾವ ದಿನ ಹೋದರೆ ಆಪರೇಟರ್ ಇರ್ತಾನೆ ಅನ್ನೋದೆಲ್ಲ ನನಗೀಗ ಆ ಇಂಡೆಕ್ಸ್ ಟೇಬಲ್‌ಗಿಂತ ಚೆನ್ನಾಗಿ ಬಾಯಿಪಾಠ ಆಗಿದೆ.

#ಬಿಕಾಂಲೆಕ್ಕ #ಶೂನ್ಯಟಿಕೆಟ್ #ಸಂಧ್ಯಾಸುರಕ್ಷಾ